ಯಂತ್ರ ಗೆದ್ದ ಆಟ, ಮನುಷ್ಯ ಬಿಡದ ಆಟ



ಹೋದ ವಾರ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಪ್ರಶ್ನೆ ಬಂತು. ಪುಸ್ತಕ ತೆರೆದು ಬರೆಯುತ್ತಾ ಕೂತಿದ್ದ ಒಬ್ಬ ಅಕ್ಕ ಪೆನ್ಸಿಲು ಕೆಳಗಿಟ್ಟರು.

"ಟೀಚರಮ್ಮ, ನನ್ನ ಮಗನ ಫೋನು ತಾನೇ ಓದಿ ಹೇಳುತ್ತೆ. ಲೆಕ್ಕಾನೂ ಮಾಡುತ್ತೆ. ಇಷ್ಟು ವಯಸ್ಸಾದ ಮೇಲೆ ನಾನ್ಯಾಕೆ ಕೈ ನೋಯಿಸಿಕೊಂಡು ಅಕ್ಷರ ತಿದ್ದಬೇಕು? ಆ ಯಂತ್ರದ ಮುಂದೆ ನನ್ನ ತಲೆ ಯಾವ ಲೆಕ್ಕ?"

ಕೆಲವರು ನಕ್ಕರು. ಕೆಲವರು ಸುಮ್ಮನಾದರು. ಸುಮ್ಮನಾದವರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇತ್ತು ಅಂತ ನನಗೆ ಗೊತ್ತಾಯಿತು.

ಆ ಅಕ್ಕನಿಗೆ ನಾನು ತಕ್ಷಣ ಉತ್ತರ ಕೊಡಲಿಲ್ಲ. ಒಂದು ಕತೆ ಹೇಳಿದೆ. ಇದು ನಿಜವಾಗಿ ನಡೆದ ಕತೆ. ಯಂತ್ರಕ್ಕೂ ಮನುಷ್ಯನಿಗೂ ನಡೆದ ಪಂದ್ಯದ ಕತೆ. ಅದನ್ನೇ ಇಲ್ಲಿ ಬರೆದಿದ್ದೇನೆ. ನಿಧಾನವಾಗಿ ಓದಿ. ಒಬ್ಬರು ಗಟ್ಟಿಯಾಗಿ ಓದಿ, ಉಳಿದವರು ಕೇಳಿದರೂ ಸರಿ.

ಯಾವ ಆಟ ಇದು?

ನೀವು ಚೌಕಾಬಾರ ಆಡಿದ್ದೀರಿ. ಅಲ್ಲಿ ಕವಡೆ ಬಿದ್ದಂತೆ ಕಾಯಿ ನಡೆಯುತ್ತದೆ. ಅರ್ಧ ಜಾಣತನ, ಅರ್ಧ ಅದೃಷ್ಟ. ಹುಲಿ-ಕುರಿ ಆಟವನ್ನೂ ಆಡಿದ್ದೀರಿ. ಅಲ್ಲಿ ಕವಡೆ ಇಲ್ಲ. ಕುರಿಯನ್ನು ಎಲ್ಲಿಡಬೇಕು ಅಂತ ನೀವೇ ಯೋಚಿಸಬೇಕು. ಚದುರಂಗವೂ ಹುಲಿ-ಕುರಿ ಆಟದ ಜಾತಿಯದೇ. ಇದರಲ್ಲಿ ಅದೃಷ್ಟಕ್ಕೆ ಜಾಗವಿಲ್ಲ.

ಚದುರಂಗದ ಮಣೆಯಲ್ಲಿ 64 ಮನೆಗಳಿವೆ. ಒಂದು ಮನೆ ಬಿಳಿ, ಒಂದು ಮನೆ ಕಪ್ಪು. ಇಬ್ಬರು ಆಡುತ್ತಾರೆ. ಒಬ್ಬೊಬ್ಬರಿಗೆ 16 ಕಾಯಿ. ರಾಜ, ಮಂತ್ರಿ, ಆನೆ, ಕುದುರೆ, ಒಂಟೆ, ಕಾಲಾಳು ಅಂತ ಅವಕ್ಕೆ ಹೆಸರು. ಬೇರೆ ದೇಶದವರು ಮಂತ್ರಿಯನ್ನು ರಾಣಿ ಅನ್ನುತ್ತಾರೆ. ಮಣೆಯ ಮೇಲೆ ಎಲ್ಲಕ್ಕಿಂತ ಹೆಚ್ಚು ಬಲ ಇರುವುದು ಆ ರಾಣಿಗೇ. ಎದುರಿನವರ ರಾಜ ಎಲ್ಲೂ ತಪ್ಪಿಸಿಕೊಳ್ಳದಂತೆ ಕಟ್ಟಿಹಾಕಿದವರು ಗೆದ್ದಂತೆ.

ಈ ಆಟ ಹುಟ್ಟಿದ್ದು ನಮ್ಮ ಭಾರತದಲ್ಲಿಯೇ. ಸುಮಾರು 1,400 ವರ್ಷಗಳ ಹಿಂದೆಯೇ ಇಲ್ಲಿ ಆಡುತ್ತಿದ್ದರು. ಆಗ ಇದರ ಹೆಸರು ಚತುರಂಗ. ಆನೆ, ಕುದುರೆ, ರಥ, ಕಾಲಾಳು ಎಂಬ ನಾಲ್ಕು ಬಗೆಯ ಸೈನ್ಯ ಇದ್ದುದರಿಂದ ಆ ಹೆಸರು. ಇಲ್ಲಿಂದ ಪರ್ಷಿಯಾಕ್ಕೆ ಹೋಯಿತು. ಅಲ್ಲಿಂದ ಅರಬರ ನಾಡಿಗೆ, ಆಮೇಲೆ ಯೂರೋಪಿಗೆ ಹೋಯಿತು.

ಈ ಆಟದಲ್ಲಿ ತುಂಬಾ ಪಳಗಿದವರಿಗೆ ಒಂದು ಬಿರುದು ಕೊಡುತ್ತಾರೆ. ಅದೇ ಗ್ರ್ಯಾಂಡ್ ಮಾಸ್ಟರ್. ಅಂದರೆ ದೊಡ್ಡ ಗುರು. ಇದು ಸುಮ್ಮನೆ ಸಿಗುವುದಿಲ್ಲ. ದೊಡ್ಡ ದೊಡ್ಡ ಪಂದ್ಯಗಳಲ್ಲಿ ಮತ್ತೆ ಮತ್ತೆ ಚೆನ್ನಾಗಿ ಆಡಿ ತೋರಿಸಬೇಕು. ಭಾರತದಲ್ಲಿ ಮೊದಲು ಈ ಬಿರುದು ಪಡೆದವರು ವಿಶ್ವನಾಥನ್ ಆನಂದ್, 1988ರಲ್ಲಿ. ಭಾರತದ ಹೆಣ್ಣುಮಕ್ಕಳಲ್ಲಿ ಮೊದಲು ಪಡೆದವರು ಆಂಧ್ರದ ಕೊನೇರು ಹಂಪಿ, 2002ರಲ್ಲಿ. ಆಗ ಅವರಿಗೆ ಇನ್ನೂ 15 ವರ್ಷ.

ಯಂತ್ರದ ಒಳಗೆ ಯಾರು?

ಯಂತ್ರ ಚದುರಂಗ ಆಡಬೇಕು ಎಂಬ ಆಸೆ ಬಹಳ ಹಳೆಯದು.

1770ರಲ್ಲಿ ಆಸ್ಟ್ರಿಯಾ ದೇಶದ ಮಹಾರಾಣಿ ಮರಿಯಾ ತೆರೇಸಾಳ ಮುಂದೆ ಒಬ್ಬ ಒಂದು ಗೊಂಬೆ ತಂದಿಟ್ಟ. ಅವನ ಹೆಸರು ಕೆಂಪೆಲೆನ್. ದೊಡ್ಡ ಪೆಟ್ಟಿಗೆ, ಪೆಟ್ಟಿಗೆಯ ಹಿಂದೆ ಪೇಟ ಸುತ್ತಿದ ಗೊಂಬೆ, ಪೆಟ್ಟಿಗೆಯ ಮೇಲೆ ಚದುರಂಗದ ಮಣೆ. ಗೊಂಬೆ ಕೈ ಚಾಚಿ ಕಾಯಿ ನಡೆಸುತ್ತಿತ್ತು. ಎದುರು ಕೂತವರನ್ನು ಸೋಲಿಸುತ್ತಿತ್ತು! ಜನ ಬೆರಗಾದರು. ಎಷ್ಟೋ ವರ್ಷ ಆ ಗೊಂಬೆ ಊರೂರು ಸುತ್ತಿತು.

ಆಮೇಲೆ ಗುಟ್ಟು ರಟ್ಟಾಯಿತು. ಪೆಟ್ಟಿಗೆಯ ಒಳಗೆ ಒಬ್ಬ ಒಳ್ಳೆಯ ಆಟಗಾರ ಮುದುರಿಕೊಂಡು ಕೂತಿರುತ್ತಿದ್ದ. ಆಡುತ್ತಿದ್ದವನು ಅವನೇ.

ಇದು ಮೋಸದ ಯಂತ್ರ. ಈಗಿನ ಯಂತ್ರಗಳು ಹೀಗಲ್ಲ. ಆದರೂ ಈ ಕತೆಯನ್ನು ನೆನಪಿಟ್ಟುಕೊಳ್ಳಿ. ಯಾವ ಯಂತ್ರ ಕಂಡರೂ "ಇದರ ಒಳಗೆ ಯಾರ ಬುದ್ಧಿ ಕೂತಿದೆ?" ಅಂತ ಕೇಳುವುದು ಒಳ್ಳೆಯದು.

ಕಂಪ್ಯೂಟರ್ ಹೇಗೆ ಆಡುತ್ತದೆ?

ಕಂಪ್ಯೂಟರ್ ಎಂದರೆ ಲೆಕ್ಕ ಮಾಡುವ ಯಂತ್ರ. ನಿಮ್ಮ ಮನೆಯ ಮೊಬೈಲ್ ಫೋನು ಕೂಡ ಒಂದು ಚಿಕ್ಕ ಕಂಪ್ಯೂಟರೇ. ಅದು ಚದುರಂಗ ಆಡುವುದು ಲೆಕ್ಕದ ಬಲದಿಂದ.

ಒಂದು ಲೆಕ್ಕ ನೋಡೋಣ. ಆಟ ಶುರುವಾದಾಗ ಬಿಳಿ ಕಾಯಿಯವರು 20 ಬಗೆಯಲ್ಲಿ ಮೊದಲ ನಡೆ ಇಡಬಹುದು. ಅದಕ್ಕೆ ಕಪ್ಪು ಕಾಯಿಯವರು 20 ಬಗೆಯಲ್ಲಿ ಉತ್ತರ ಕೊಡಬಹುದು. 20 ಇಪ್ಪತ್ತಲ ಎಷ್ಟು? 400. ಅಂದರೆ ಇಬ್ಬರೂ ಒಂದೊಂದು ಸಲ ಕಾಯಿ ಮುಟ್ಟುವುದರೊಳಗೆ 400 ದಾರಿ ಆಯಿತು. ಇಬ್ಬರೂ ಎರಡೆರಡು ನಡೆ ಇಟ್ಟರೆ? 1,97,281 ದಾರಿ. ಸುಮಾರು ಎರಡು ಲಕ್ಷ! ಒಂದು ಬೀಜ ಗಿಡವಾಗಿ, ಗಿಡಕ್ಕೆ ಕೊಂಬೆ, ಕೊಂಬೆಗೆ ರೆಂಬೆ ಬಂದ ಹಾಗೆ ಇದು ಬೆಳೆಯುತ್ತಲೇ ಹೋಗುತ್ತದೆ.

ಮನುಷ್ಯ ಈ ಎಲ್ಲ ರೆಂಬೆಗಳನ್ನೂ ನೋಡುವುದಿಲ್ಲ. ನೋಡಲು ಆಗುವುದೂ ಇಲ್ಲ. ಪಳಗಿದವರು ಮಣೆಯನ್ನು ಕಂಡ ಕೂಡಲೇ ಎರಡು ಮೂರು ಒಳ್ಳೆಯ ನಡೆಗಳನ್ನು ಗುರುತಿಸುತ್ತಾರೆ. ಉಳಿದದ್ದನ್ನು ಬಿಟ್ಟುಬಿಡುತ್ತಾರೆ. ನೀವು ಅಕ್ಕಿ ಆರಿಸುವಾಗ ಮೊರದಲ್ಲಿನ ಒಂದೊಂದೇ ಕಾಳನ್ನು ಎತ್ತಿ ನೋಡುತ್ತೀರಾ? ಇಲ್ಲ. ಕಣ್ಣು ನೇರವಾಗಿ ಕಲ್ಲಿನ ಮೇಲೇ ಹೋಗುತ್ತದೆ. ಅದು ಅಭ್ಯಾಸದ ಬಲ. ಗ್ರ್ಯಾಂಡ್ ಮಾಸ್ಟರ್ ಕಣ್ಣೂ ಹಾಗೇ.

ಯಂತ್ರಕ್ಕೆ ಆ ಕಣ್ಣು ಇರಲಿಲ್ಲ. ಅದು ಒಂದೊಂದೇ ಕಾಳನ್ನು ಎತ್ತಿ ನೋಡುತ್ತಿತ್ತು. ಆದರೆ ಬಹಳ ಬೇಗ ನೋಡುತ್ತಿತ್ತು. ಪ್ರತಿ ದಾರಿಗೂ ಅಂಕ ಕೊಡುತ್ತಿತ್ತು. ಹೆಚ್ಚು ಅಂಕ ಬಂದ ದಾರಿ ಹಿಡಿಯುತ್ತಿತ್ತು. ಅಂಕ ಹೇಗೆ ಕೊಡಬೇಕು ಅಂತ ಹೇಳಿಕೊಟ್ಟವರು ಮಾತ್ರ ಮನುಷ್ಯರೇ.

ಮೊದಮೊದಲು ಮನುಷ್ಯರದೇ ಗೆಲುವು

ಗ್ಯಾರಿ ಕಾಸ್ಪರೋವ್ ಎಂಬ ಆಟಗಾರರ ಹೆಸರು ಲೋಕಕ್ಕೆಲ್ಲ ಗೊತ್ತು. ಅವರು ಹುಟ್ಟಿದ್ದು 1963ರಲ್ಲಿ, ಬಾಕು ಎಂಬ ಊರಿನಲ್ಲಿ. ಏಳು ವರ್ಷದ ಹುಡುಗನಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಕ್ಲಾರಾ ಒಬ್ಬರೇ ಮಗನನ್ನು ಸಾಕಿದರು. ಕಾಸ್ಪರೋವ್ ಎಂಬ ಹೆಸರು ಬಂದದ್ದೂ ತಾಯಿಯ ಮನೆತನದಿಂದಲೇ. 1985ರಲ್ಲಿ, 22ನೆಯ ವಯಸ್ಸಿಗೆ ಅವರು ವಿಶ್ವ ಚಾಂಪಿಯನ್ ಆದರು.

ಅದೇ ವರ್ಷ ಜರ್ಮನಿಯ ಹ್ಯಾಂಬರ್ಗ್ ಊರಿನಲ್ಲಿ ಅವರು ಒಂದೇ ಸಲಕ್ಕೆ 32 ಕಂಪ್ಯೂಟರ್ ಗಳ ಜೊತೆ ಆಡಿದರು. ಒಂದು ಮಣೆಯಿಂದ ಇನ್ನೊಂದು ಮಣೆಗೆ ನಡೆಯುತ್ತಾ ಆಡಿದರು. 32 ಆಟಗಳನ್ನೂ ಅವರೇ ಗೆದ್ದರು. ಆಗ ಯಂತ್ರಗಳ ಸ್ಥಿತಿ ಅಷ್ಟೇ ಆಗಿತ್ತು.

1989ರಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಥಾಟ್ ಎಂಬ ಯಂತ್ರದ ಜೊತೆ ಎರಡು ಆಟ ಆಡಿದರು. ಎರಡನ್ನೂ ಗೆದ್ದರು.

ಡೀಪ್ ಥಾಟ್ ಮಾಡಿದವರು ಸುಮ್ಮನೆ ಕೂರಲಿಲ್ಲ. ಐಬಿಎಂ ಎಂಬ ಅಮೆರಿಕದ ಕಂಪನಿ ಸೇರಿ ಇನ್ನೂ ದೊಡ್ಡ ಯಂತ್ರ ಕಟ್ಟಿದರು. ಅದರ ಹೆಸರು ಡೀಪ್ ಬ್ಲೂ. 1996ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಅದಕ್ಕೂ ಕಾಸ್ಪರೋವ್ ಅವರಿಗೂ ಆರು ಆಟಗಳ ಪಂದ್ಯ ನಡೆಯಿತು.

ಮೊದಲ ಆಟವನ್ನು ಯಂತ್ರವೇ ಗೆದ್ದುಬಿಟ್ಟಿತು! ವಿಶ್ವ ಚಾಂಪಿಯನ್ ಒಬ್ಬರು ದೊಡ್ಡ ಪಂದ್ಯದ ಪೂರ್ತಿ ಸಮಯದ ಆಟದಲ್ಲಿ ಯಂತ್ರಕ್ಕೆ ಸೋತದ್ದು ಅದೇ ಮೊದಲು. ಆದರೆ ಕಾಸ್ಪರೋವ್ ಎದೆಗುಂದಲಿಲ್ಲ. ಎದುರಾಳಿಯ ದೌರ್ಬಲ್ಯ ಎಲ್ಲಿದೆ ಅಂತ ಹುಡುಕಿದರು. ಮುಂದಿನ ಐದು ಆಟಗಳಲ್ಲಿ ಮೂರನ್ನು ಗೆದ್ದರು. ಎರಡು ಡ್ರಾ ಆದವು. ಡ್ರಾ ಎಂದರೆ ಸೋಲೂ ಇಲ್ಲ, ಗೆಲುವೂ ಇಲ್ಲ, ಇಬ್ಬರೂ ಸಮ. ಗೆದ್ದರೆ ಒಂದು ಅಂಕ, ಡ್ರಾ ಆದರೆ ಅರ್ಧ ಅಂಕ. ಕೊನೆಗೆ ಮನುಷ್ಯನಿಗೆ 4, ಯಂತ್ರಕ್ಕೆ 2.

ನ್ಯೂಯಾರ್ಕ್, 1997

ಒಂದು ವರ್ಷದಲ್ಲಿ ಯಂತ್ರವನ್ನು ಇನ್ನೂ ಬಲಪಡಿಸಿದರು. ಈಗ ಅದು ಒಂದು ಸೆಕೆಂಡಿಗೆ 20 ಕೋಟಿ ಸ್ಥಿತಿಗಳನ್ನು ಲೆಕ್ಕ ಹಾಕುತ್ತಿತ್ತು. ಒಂದು ಸೆಕೆಂಡು ಎಂದರೆ ನಾವು ಕಣ್ಣು ಮಿಟುಕಿಸಿ ಬಿಡುವಷ್ಟು ಹೊತ್ತು. ಅದರ ತೂಕ ಸುಮಾರು 1,400 ಕಿಲೋ. ನೋಡಲು ಎರಡು ದೊಡ್ಡ ಕಪ್ಪು ಬೀರುಗಳಂತೆ ಇತ್ತು. ಚದುರಂಗಕ್ಕಾಗಿಯೇ ಮಾಡಿದ 480 ಪುಟ್ಟ ಚಿಪ್ ಗಳು ಅದರೊಳಗೆ ಇದ್ದವು. ಆಟ ಕಲಿಸಲು ಗ್ರ್ಯಾಂಡ್ ಮಾಸ್ಟರ್ ಗಳನ್ನೇ ಕರೆಸಿದ್ದರು.

ಯಂತ್ರ ಬೇರೆ ಕೋಣೆಯಲ್ಲಿತ್ತು. ಅದಕ್ಕೆ ಕೈ ಇಲ್ಲವಲ್ಲ? ಅದನ್ನು ಕಟ್ಟಿದವರಲ್ಲಿ ಒಬ್ಬರು ಕಾಸ್ಪರೋವ್ ಎದುರು ಕೂರುತ್ತಿದ್ದರು. ಪರದೆಯ ಮೇಲೆ ಬಂದ ನಡೆ ನೋಡಿ ಕಾಯಿ ಎತ್ತಿಡುತ್ತಿದ್ದರು.

ಗೆದ್ದವರಿಗೆ 7 ಲಕ್ಷ ಡಾಲರ್, ಸೋತವರಿಗೆ 4 ಲಕ್ಷ ಡಾಲರ್ ಎಂದು ಬಹುಮಾನ ಇಟ್ಟಿದ್ದರು. ಮೇ 3ರಂದು ಪಂದ್ಯ ಶುರುವಾಯಿತು. ಕಾಸ್ಪರೋವ್ ತಾಯಿಯೂ ನ್ಯೂಯಾರ್ಕಿಗೆ ಬಂದಿದ್ದರು.

ಮೊದಲ ಆಟವನ್ನು ಕಾಸ್ಪರೋವ್ ಗೆದ್ದರು. ಎಲ್ಲರೂ "ಈ ಸಲವೂ ಮನುಷ್ಯನೇ ಗೆಲ್ಲುತ್ತಾನೆ" ಅಂದರು.

ಎರಡನೆಯ ಆಟದಲ್ಲಿ ಕತೆ ತಿರುಗಿತು. ಇಲ್ಲಿ ಸ್ವಲ್ಪ ನಿಂತು ಓದಿ.

ಸೋಲದೆಯೇ ಸೋತ ಆಟ

ಎರಡನೆಯ ಆಟದಲ್ಲಿ ಯಂತ್ರ ಬಹಳ ಶಾಂತವಾಗಿ ಆಡಿತು. ಎದುರಿನ ಕಾಯಿ ಸಿಕ್ಕಿದರೆ ಸಾಕು ಅಂತ ಬಾಯಿ ಹಾಕಲಿಲ್ಲ. ದೂರದ ಲಾಭ ನೋಡಿ, ತಾಳ್ಮೆಯಿಂದ ಒತ್ತುತ್ತಾ ಹೋಯಿತು. "ಇದು ಯಂತ್ರದ ಆಟವಲ್ಲ, ಮನುಷ್ಯನ ಆಟ" ಎಂದು ಕಾಸ್ಪರೋವ್ ಅವರಿಗೆ ಅನ್ನಿಸಿತು. ಮನಸ್ಸಿನಲ್ಲಿ ಅನುಮಾನ ಹೊಕ್ಕಿತು. ಭಯವೂ ಹೊಕ್ಕಿತು. ಯಂತ್ರ 45ನೆಯ ನಡೆ ಇಟ್ಟ ಮೇಲೆ ಅವರು ಸೋಲೊಪ್ಪಿಕೊಂಡು ಎದ್ದುಬಿಟ್ಟರು.

ಆಮೇಲೆ ಏನಾಯಿತು ಗೊತ್ತೇ? ಚದುರಂಗ ಬಲ್ಲವರು ಆ ಮಣೆಯನ್ನು ಮತ್ತೆ ಇಟ್ಟು ನೋಡಿದರು. ಆ ಸ್ಥಿತಿಯಲ್ಲಿ ಕಾಸ್ಪರೋವ್ ಅವರಿಗೆ ಡ್ರಾ ಮಾಡಿಕೊಳ್ಳುವ ದಾರಿ ಇತ್ತು! ಮಂತ್ರಿಯನ್ನು ಮುಂದೆ ತಂದು, ಎದುರಿನ ರಾಜನನ್ನು ಮತ್ತೆ ಮತ್ತೆ ಅಟ್ಟುತ್ತಾ ಹೋಗಬಹುದಿತ್ತು. ಯಂತ್ರ ಇನ್ನೂ ಗೆದ್ದಿರಲಿಲ್ಲ. ಕಾಸ್ಪರೋವ್ ಅವರೇ ಸೋತೆ ಅಂದುಕೊಂಡರು.

ಮರುದಿನ ಜೊತೆಗಾರರು ಇದನ್ನು ಹೇಳಿದಾಗ ಅವರಿಗೆ ತಡೆಯಲಾರದಷ್ಟು ನೋವಾಯಿತು. ಯಂತ್ರ ತಪ್ಪೇ ಮಾಡಿರಲಾರದು ಎಂದು ಅವರು ನಂಬಿದ್ದರು. ಆ ನಂಬಿಕೆಯಿಂದಲೇ ದಾರಿ ಹುಡುಕಲಿಲ್ಲ.

ಈ ಭಾಗ ಓದಿದಾಗ ನಮ್ಮ ಕೇಂದ್ರದ ಒಬ್ಬ ಅಜ್ಜಿ ಅಂದರು: "ಅಯ್ಯೋ ಪಾಪ! ಆಯಪ್ಪನೂ ನಮ್ಮ ಹಾಗೇ. ನಾವೂ ಪುಸ್ತಕ ತೆರೆಯೋಕೆ ಮೊದಲೇ ನಮ್ಮ ಕೈಲಿ ಆಗಲ್ಲ ಅಂದ್ಬಿಡ್ತೀವಿ."

ಆ ಮಾತನ್ನು ನಾನು ಕರಿಹಲಗೆಯ ಮೇಲೆ ಬರೆದೆ. ಎಲ್ಲರೂ ಓದಿದರು.

ಕೊನೆಯ ಆಟ

ಮೂರು, ನಾಲ್ಕು, ಐದು, ಈ ಮೂರೂ ಆಟಗಳು ಡ್ರಾ ಆದವು. ಅಲ್ಲಿಗೆ ಇಬ್ಬರದೂ ಎರಡೂವರೆ ಅಂಕ. ಮೇ 11ರಂದು ಆರನೆಯ ಆಟ. ಕಾಸ್ಪರೋವ್ ದಣಿದಿದ್ದರು. ಯಂತ್ರಕ್ಕೆ ದಣಿವಿಲ್ಲ, ನಿದ್ದೆಗೆಡುವ ಮಾತಿಲ್ಲ, ಸೋಲುವ ಹೆದರಿಕೆ ಇಲ್ಲ.

ಆಟದ ಶುರುವಿನಲ್ಲೇ ಕಾಸ್ಪರೋವ್ ಒಂದು ತಪ್ಪು ನಡೆ ಇಟ್ಟರು. ಯಂತ್ರ ತನ್ನ ಕುದುರೆಯನ್ನು ಬಲಿ ಕೊಟ್ಟು ಕೋಟೆ ಒಡೆಯಿತು. 19 ನಡೆಗೆ ಆಟ ಮುಗಿದೇ ಹೋಯಿತು. ಯಂತ್ರಕ್ಕೆ ಮೂರೂವರೆ, ಮನುಷ್ಯನಿಗೆ ಎರಡೂವರೆ.

ಇನ್ನೊಂದು ಸಂಗತಿ. ಕುದುರೆ ಬಲಿಯ ಆ ನಡೆಯನ್ನು ಯಂತ್ರ ಅಲ್ಲೇ ಕೂತು ಕಂಡುಹಿಡಿಯಲಿಲ್ಲ. ಆಟದ ಶುರುವಿನ ಒಳ್ಳೆಯ ನಡೆಗಳ ಪಟ್ಟಿಯೊಂದನ್ನು ಅದರ ಬಳಗದವರು ಮೊದಲೇ ಅದರೊಳಗೆ ತುಂಬಿದ್ದರು. ಆ ನಡೆ ಆ ಪಟ್ಟಿಯಲ್ಲಿತ್ತು. ಪೆಟ್ಟಿಗೆಯ ಗೊಂಬೆ ನೆನಪಾಯಿತೇ? ಇಲ್ಲಿ ಮನುಷ್ಯ ಒಳಗೆ ಅಡಗಿ ಕೂತಿರಲಿಲ್ಲ. ಆದರೆ ಎಷ್ಟೋ ಮನುಷ್ಯರ ವರ್ಷಗಟ್ಟಲೆಯ ದುಡಿಮೆ ಒಳಗೆ ಕೂತಿತ್ತು.

ಕಾಸ್ಪರೋವ್ ಮತ್ತೆ ಆಡೋಣ ಎಂದು ಕೇಳಿದರು. ಕಂಪನಿ ಒಪ್ಪಲಿಲ್ಲ. ಡೀಪ್ ಬ್ಲೂ ಮತ್ತೆ ಆಡಲೇ ಇಲ್ಲ. ಅದರ ಒಂದು ಬೀರು ವಾಷಿಂಗ್ಟನ್ನಿನ ವಸ್ತು ಸಂಗ್ರಹಾಲಯ ಸೇರಿತು. ಇನ್ನೊಂದು ಕ್ಯಾಲಿಫೋರ್ನಿಯಾದ ಸಂಗ್ರಹಾಲಯ ಸೇರಿತು.

ಆಮೇಲೆ ಯಂತ್ರ ಎಷ್ಟು ಬೆಳೆಯಿತು?

ಒಂದು ಸೋಲಿಗೆ ಎಲ್ಲ ಮುಗಿಯಲಿಲ್ಲ. ಮನುಷ್ಯರು ಇನ್ನೂ ಕೆಲವು ವರ್ಷ ಸಮಸಮ ನಿಂತರು. ಮುಂದೆ ನಡೆದದ್ದನ್ನು ವರ್ಷದ ಪ್ರಕಾರ ಓದಿ.

2002: ಬಹರೇನ್ ದೇಶದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್ ಅವರು ಡೀಪ್ ಫ್ರಿಟ್ಜ್ ಎಂಬ ಯಂತ್ರದ ಜೊತೆ ಎಂಟು ಆಟ ಆಡಿದರು. 4-4, ಸಮ.

2003: ನ್ಯೂಯಾರ್ಕಿನಲ್ಲಿ ಕಾಸ್ಪರೋವ್ ಮತ್ತು ಡೀಪ್ ಜೂನಿಯರ್. 3-3, ಸಮ.

2005: ಲಂಡನ್ನಿನಲ್ಲಿ ಇಂಗ್ಲೆಂಡಿನ ಮೈಕೆಲ್ ಆಡಮ್ಸ್ ಮತ್ತು ಹೈಡ್ರಾ ಎಂಬ ಯಂತ್ರ. ಆರು ಆಟದಲ್ಲಿ ಯಂತ್ರ ಐದು ಗೆದ್ದಿತು. ಒಂದು ಮಾತ್ರ ಡ್ರಾ.

2006: ಜರ್ಮನಿಯ ಬಾನ್ ನಗರದಲ್ಲಿ ಕ್ರಾಮ್ನಿಕ್ ಮತ್ತೆ ಡೀಪ್ ಫ್ರಿಟ್ಜ್ ಎದುರು ಕೂತರು. ಆಗ ಅವರು ವಿಶ್ವ ಚಾಂಪಿಯನ್. ಒಂದು ಆಟದಲ್ಲಿ ಯಂತ್ರ ಒಂದೇ ನಡೆಯಲ್ಲಿ ರಾಜನನ್ನು ಕಟ್ಟಿಹಾಕುವಂತಿತ್ತು. ಅದು ಅವರ ಕಣ್ಣಿಗೇ ಬೀಳಲಿಲ್ಲ! ಸೋತುಬಿಟ್ಟರು. ಕೊನೆಗೆ 2-4. ನೋಡಿ, ವಿಶ್ವ ಚಾಂಪಿಯನ್ ಆದವರೂ ಕಣ್ಣೆದುರಿನ ನಡೆ ಕಾಣದೆ ತಪ್ಪುತ್ತಾರೆ. ಒತ್ತಕ್ಷರ ಬಿಟ್ಟು ಬರೆದೆವು ಅಂತ ನಾವು ನಾಚಬೇಕಾಗಿಲ್ಲ.

2009: ಅರ್ಜೆಂಟೀನಾದ ಬ್ಯೂನಸ್ ಐರಿಸ್ ನಗರ. ಈ ಸಲ ಆಡಿದ್ದು ಬೀರುವಿನಂಥ ಯಂತ್ರವಲ್ಲ. ಅಂಗೈಯಲ್ಲಿ ಹಿಡಿಯುವ ಒಂದು ಮೊಬೈಲ್ ಫೋನು! ಹತ್ತು ಆಟದಲ್ಲಿ ಒಂಬತ್ತು ಗೆದ್ದಿತು, ಒಂದು ಡ್ರಾ. ಅದು ಸೆಕೆಂಡಿಗೆ 20,000 ಸ್ಥಿತಿಗಳನ್ನೂ ನೋಡುತ್ತಿರಲಿಲ್ಲ. ಡೀಪ್ ಬ್ಲೂ ನೋಡುತ್ತಿದ್ದದ್ದು 20 ಕೋಟಿ. ಹಾಗಾದರೆ ಗೆದ್ದದ್ದು ಹೇಗೆ? ಯಾವ ದಾರಿ ನೋಡಬೇಕು, ಯಾವುದನ್ನು ಬಿಡಬೇಕು ಎಂದು ಅದಕ್ಕೆ ಚೆನ್ನಾಗಿ ಹೇಳಿಕೊಟ್ಟಿದ್ದರು. ಬರೀ ವೇಗ ಸಾಲದು, ಆರಿಸುವ ಜಾಣತನವೂ ಬೇಕು.

2017: ಲಂಡನ್ನಿನ ಡೀಪ್ ಮೈಂಡ್ ಎಂಬ ಕಂಪನಿ ಆಲ್ಫಾ ಜೀರೋ ಎಂಬ ಹೊಸ ಬಗೆಯ ಆಟಗಾರನನ್ನು ಮಾಡಿತು. ಇದಕ್ಕೆ ಆಟದ ನಿಯಮ ಮಾತ್ರ ಹೇಳಿಕೊಟ್ಟರು. ಒಳ್ಳೆಯ ನಡೆ ಯಾವುದು, ಕೆಟ್ಟ ನಡೆ ಯಾವುದು ಅಂತ ಹೇಳಲಿಲ್ಲ. ಅದು ತನ್ನ ಜೊತೆ ತಾನೇ ಆಡಿತು. ಸೋತಾಗ ತಿದ್ದಿಕೊಂಡಿತು. ಮತ್ತೆ ಆಡಿತು. ಹೀಗೆ ಕೋಟಿಗಟ್ಟಲೆ ಆಟ ಆಡಿ ಕಲಿತಿತು. ಆಗಿನ ಬಲವಾದ ಯಂತ್ರ ಸ್ಟಾಕ್ ಫಿಶ್ ಜೊತೆ 100 ಆಟ ಆಡಿ 28 ಗೆದ್ದಿತು. 72 ಡ್ರಾ. ಒಂದನ್ನೂ ಸೋಲಲಿಲ್ಲ.

ಈಗ ಎಷ್ಟು ಅಂತರ?

ಚದುರಂಗದಲ್ಲಿ ಆಟಗಾರರ ಬಲವನ್ನು ಅಂಕದಲ್ಲಿ ಅಳೆಯುತ್ತಾರೆ. ಗ್ರ್ಯಾಂಡ್ ಮಾಸ್ಟರ್ ಆಗಲು 2,500 ಅಂಕ ಮುಟ್ಟಬೇಕು. ಇದುವರೆಗೆ ಮನುಷ್ಯರಲ್ಲಿ ಯಾರೂ 2,900 ಮುಟ್ಟಿಲ್ಲ. ನಾರ್ವೆ ದೇಶದ ಮ್ಯಾಗ್ನಸ್ ಕಾರ್ಲ್ ಸನ್ 2014ರಲ್ಲಿ 2,882 ಮುಟ್ಟಿದರು. ಅದೇ ಎಲ್ಲಕ್ಕಿಂತ ಹೆಚ್ಚು.

ಯಂತ್ರಗಳ ಪಟ್ಟಿ ಬೇರೆ ಇದೆ. ಅಲ್ಲಿ ಮುಂದಿರುವ ಯಂತ್ರಗಳ ಅಂಕ 3,500ಕ್ಕೂ ಹೆಚ್ಚು. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಸರಿಯಾಗಿ ತೂಗಲು ಆಗದು. ಆದರೂ ಅಂತರ ದೊಡ್ಡದು ಅನ್ನುವುದು ನಿಜ. ಒಬ್ಬರಿಗೆ ಇನ್ನೊಬ್ಬರಿಗಿಂತ 400 ಅಂಕ ಹೆಚ್ಚಿದ್ದರೆ, 11 ಆಟ ಆಡಿದಾಗ 10 ಅಂಕ ಅವರಿಗೇ ಬರಬೇಕು ಎಂಬುದು ಈ ಅಳತೆಯ ಲೆಕ್ಕ. 600 ಅಂತರ ಇದ್ದರೆ ಕೇಳುವುದೇ ಬೇಡ.

ಹೀಗಾಗಿ ಈಗ ಯಂತ್ರಕ್ಕೂ ಮನುಷ್ಯನಿಗೂ ಸಮಾನ ಪಂದ್ಯ ಇಡುವುದಿಲ್ಲ. ಬಸ್ಸಿಗೂ ಓಡುವ ಹುಡುಗಿಗೂ ಪಂದ್ಯ ಇಟ್ಟ ಹಾಗಾಗುತ್ತದೆ.

ಹಾಗಾದರೆ ಆಟ ನಿಂತಿತೇ?

ಕತೆ ಇಲ್ಲಿಗೆ ಬಂದಾಗ ನಾನು ಕೇಂದ್ರದಲ್ಲಿ ಕೇಳಿದೆ: "ಯಂತ್ರ ಗೆದ್ದ ಮೇಲೆ ಜನ ಏನು ಮಾಡಿರಬಹುದು?"

ಒಬ್ಬ ತಂಗಿ ಅಂದಳು: "ಇನ್ನೇನು, ಮಣೆ ಮಡಚಿ ಅಟ್ಟಕ್ಕೆ ಹಾಕಿರ್ತಾರೆ."

ಇಲ್ಲ, ಹಾಕಲಿಲ್ಲ. ಬಸ್ಸು ಬಂತು ಅಂತ ಮಕ್ಕಳು ಓಟದ ಪಂದ್ಯ ಬಿಟ್ಟರೇ? ಚದುರಂಗವೂ ಹಾಗೇ ಉಳಿಯಿತು. ಆಡುವವರು ಇನ್ನೂ ಹೆಚ್ಚಿದರು.

2024ರ ಡಿಸೆಂಬರಿನಲ್ಲಿ ಚೆನ್ನೈನ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದರು. ವಯಸ್ಸು 18. 2025ರ ಜುಲೈಯಲ್ಲಿ ಜಾರ್ಜಿಯಾ ದೇಶದಲ್ಲಿ ಮಹಿಳೆಯರ ವಿಶ್ವ ಕಪ್ ನಡೆಯಿತು. ಕೊನೆಯ ಪಂದ್ಯಕ್ಕೆ ಬಂದ ಇಬ್ಬರೂ ನಮ್ಮ ದೇಶದವರು! ಒಬ್ಬರು ಕೊನೇರು ಹಂಪಿ. ಇನ್ನೊಬ್ಬರು ನಾಗಪುರದ ದಿವ್ಯಾ ದೇಶಮುಖ್, 19 ವರ್ಷ. ದಿವ್ಯಾ ಗೆದ್ದರು. ಆ ಗೆಲುವಿನಿಂದ ಗ್ರ್ಯಾಂಡ್ ಮಾಸ್ಟರ್ ಬಿರುದೂ ಸಿಕ್ಕಿತು.

ಹೆಣ್ಣುಮಕ್ಕಳ ಮಾತು ಬಂದಿತಲ್ಲ, ಇದನ್ನೂ ಕೇಳಿ. ಹೆಂಗಸರು ಈ ಆಟದಲ್ಲಿ ಗಂಡಸರ ಸಮಕ್ಕೆ ಬರಲಾರರು ಎಂಬ ಅರ್ಥದ ಮಾತನ್ನು ಕಾಸ್ಪರೋವ್ ಹಿಂದೆ ಆಡಿದ್ದರು. 2002ರಲ್ಲಿ ಮಾಸ್ಕೋದಲ್ಲಿ ಹಂಗೇರಿಯ ಜುಡಿತ್ ಪೋಲ್ಗಾರ್ ಎಂಬ ಹೆಣ್ಣುಮಗಳು ಅವರನ್ನು ಸೋಲಿಸಿದರು. ಆಮೇಲೆ ಕಾಸ್ಪರೋವ್ ತಮ್ಮ ಅಭಿಪ್ರಾಯ ಬದಲಿಸಿಕೊಂಡರು.

ಈಗಿನ ಆಟಗಾರರು ಯಂತ್ರವನ್ನು ಶತ್ರು ಅಂದುಕೊಳ್ಳುವುದಿಲ್ಲ. ಮನೆಯಲ್ಲಿ ಕೂತು ಅದರ ಜೊತೆ ಅಭ್ಯಾಸ ಮಾಡುತ್ತಾರೆ. "ನಾನು ಎಲ್ಲಿ ತಪ್ಪಿದೆ?" ಅಂತ ಕೇಳುತ್ತಾರೆ. ಅದು ತೋರಿಸುತ್ತದೆ. ಆದರೆ ಪಂದ್ಯದ ದಿನ ಆಟದ ಕೋಣೆಗೆ ಫೋನು ಒಯ್ಯುವಂತಿಲ್ಲ. ಬಾಗಿಲಲ್ಲೇ ತಪಾಸಣೆ ಮಾಡುತ್ತಾರೆ. ಒಳಗೆ ಅವರವರ ತಲೆಯೇ ಅವರಿಗೆ ಜೊತೆ.

ಗುಕೇಶ್ ಕತೆ ಇನ್ನೂ ಸ್ವಾರಸ್ಯ. ಚಿಕ್ಕವರಿದ್ದಾಗ ಅವರ ಗುರುಗಳು ಬಹಳ ಕಾಲ ಅವರಿಗೆ ಕಂಪ್ಯೂಟರ್ ಮುಟ್ಟಲು ಬಿಡಲಿಲ್ಲ. ಮೊದಲು ತಾನೇ ಯೋಚಿಸಿ ಕಲಿಯಲಿ, ಯಂತ್ರದ ಸಹಾಯ ಆಮೇಲೆ ಬರಲಿ ಎಂಬುದು ಗುರುಗಳ ಯೋಚನೆ. ಯಂತ್ರ ಉತ್ತರ ಹೇಳಿದರೂ ಅದು ಯಾಕೆ ಸರಿ ಅಂತ ತಿಳಿಯಬೇಕಾದರೆ ನಮ್ಮ ತಲೆ ಮೊದಲು ಪಳಗಿರಬೇಕು.

ನಮ್ಮ ಸಂಘದ ಲೆಕ್ಕ

ಮೊದಲು ಪ್ರಶ್ನೆ ಕೇಳಿದ ಅಕ್ಕನ ಮಾತಿಗೆ ಬರೋಣ. ಅವರಿಗೆ ಉತ್ತರ ಕೊಟ್ಟವಳು ನಾನಲ್ಲ. ಅದೇ ರಾತ್ರಿ, ಪಾಠ ಮುಗಿದ ಮೇಲೆ, ಸಂಘದ ಉಳಿತಾಯದ ಲೆಕ್ಕ ನಡೆಯಿತು. 18 ಜನ, ಒಬ್ಬೊಬ್ಬರಿಂದ 25 ರೂಪಾಯಿ. ಒಬ್ಬ ಹುಡುಗಿ ಫೋನಿನಲ್ಲಿ ಗುಣಿಸಿದಳು. "4,500 ಆಯ್ತು" ಅಂದಳು. ಪುಸ್ತಕದಲ್ಲಿ ಬರೆಯಲು ಪೆನ್ನು ಎತ್ತಿದಳು.

ಅಷ್ಟರಲ್ಲಿ ಅದೇ ಅಕ್ಕ ಕೈ ಅಡ್ಡ ಹಿಡಿದರು.

"ತಡಿಯವ್ವ. ನಾಲ್ಕು ಜನಕ್ಕೆ ನೂರು. ಹದಿನಾರು ಜನಕ್ಕೆ ನಾನೂರು. ಉಳಿದ ಇಬ್ಬರಿಗೆ ಐವತ್ತು. ಒಟ್ಟು ನಾನೂರ ಐವತ್ತು. ನಾಲ್ಕೂವರೆ ಸಾವಿರ ಎಲ್ಲಿಂದ ಬಂತು?"

ಹುಡುಗಿ ಮತ್ತೆ ನೋಡಿದಳು. ಅವಸರದಲ್ಲಿ 25ರ ಬದಲು 250 ಒತ್ತಿಬಿಟ್ಟಿದ್ದಳು. ಫೋನು ತಪ್ಪು ಮಾಡಿರಲಿಲ್ಲ. ಒತ್ತಿದ್ದಕ್ಕೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಆದರೆ ನಮ್ಮ ಸಂಘದಲ್ಲಿ ಅಷ್ಟು ದುಡ್ಡು ಇರಲಾರದು ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ಅದು ಗೊತ್ತಿದ್ದದ್ದು ಆ ಅಕ್ಕನ ತಲೆಗೆ.

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ ನಕ್ಕು ಅಂದರು: "ಏನವ್ವ, ನಿನ್ನ ತಲೆ ಯಾವ ಲೆಕ್ಕ ಅಂದಿದ್ದೆಯಲ್ಲ? ಇದೇ ಲೆಕ್ಕ ನೋಡು!"

ಆ ಅಕ್ಕನೂ ನಕ್ಕರು. ಪುಸ್ತಕ ತೆಗೆದುಕೊಂಡು 450 ಎಂದು ತಾವೇ ಬರೆದರು. ಪಕ್ಕದಲ್ಲಿ ರುಜು ಹಾಕಿದರು. ಮಾರನೆಯ ರಾತ್ರಿಯೂ ತಪ್ಪದೆ ಕೇಂದ್ರಕ್ಕೆ ಬಂದರು.

ಅಕ್ಕಂದಿರೇ, ಯಂತ್ರ ಬೇಡ ಅಂತ ನಾನು ಹೇಳುವುದಿಲ್ಲ. ಫೋನು ಓದಿ ಹೇಳಲಿ, ಕೇಳಿ. ಲೆಕ್ಕ ಮಾಡಲಿ, ಮಾಡಿಸಿ. ಆದರೆ ಅದು ಹೇಳಿದ್ದು ಸರಿಯೇ ಅಂತ ನೋಡುವ ಕಣ್ಣು ನಿಮ್ಮದಾಗಿರಲಿ. ಆ ಕಣ್ಣಿಗಾಗಿಯೇ ಈ ಅಕ್ಷರ. ಆಟ ಮುಗಿಯುವ ಮೊದಲೇ ಸೋತೆ ಅಂತ ಎದ್ದು ಹೋಗಬೇಡಿ.

ಹೊಸ ಪದಗಳು

ಓದಿ, ಎರಡು ಸಲ ಬರೆಯಿರಿ.

ಚದುರಂಗ: 64 ಮನೆಗಳ ಮಣೆಯ ಮೇಲೆ ಇಬ್ಬರು ಆಡುವ ಆಟ
ಗ್ರ್ಯಾಂಡ್ ಮಾಸ್ಟರ್: ಚದುರಂಗದಲ್ಲಿ ಪಳಗಿದವರಿಗೆ ಕೊಡುವ ದೊಡ್ಡ ಬಿರುದು
ಕಂಪ್ಯೂಟರ್: ಬಹಳ ಬೇಗ ಲೆಕ್ಕ ಮಾಡುವ ಯಂತ್ರ
ಡ್ರಾ: ಸೋಲು ಗೆಲುವು ಇಲ್ಲದೆ ಸಮ ಆಗುವುದು
ಎದುರಾಳಿ: ಎದುರು ಕೂತು ಆಡುವವರು
ದೌರ್ಬಲ್ಯ: ಬಲ ಕಡಿಮೆ ಇರುವ ಕಡೆ

ಉತ್ತರ ಹೇಳಿ

1. ಚದುರಂಗ ಯಾವ ದೇಶದಲ್ಲಿ ಹುಟ್ಟಿತು?
2. 1770ರ ಗೊಂಬೆಯ ಪೆಟ್ಟಿಗೆಯಲ್ಲಿ ಏನಿತ್ತು?
3. ಕಾಸ್ಪರೋವ್ ಅವರನ್ನು ಸಾಕಿದವರು ಯಾರು?
4. ಎರಡನೆಯ ಆಟದಲ್ಲಿ ಕಾಸ್ಪರೋವ್ ಮಾಡಿದ ತಪ್ಪು ಯಾವುದು?
5. ಪಂದ್ಯದ ಕೋಣೆಗೆ ಫೋನು ಯಾಕೆ ಬಿಡುವುದಿಲ್ಲ?

ಲೆಕ್ಕ ಮಾಡಿ

1. ಗೆದ್ದರೆ 1 ಅಂಕ, ಡ್ರಾ ಆದರೆ ಅರ್ಧ ಅಂಕ. 1997ರಲ್ಲಿ ಕಾಸ್ಪರೋವ್ ಒಂದು ಗೆದ್ದರು, ಎರಡು ಸೋತರು, ಮೂರು ಡ್ರಾ ಆದವು. ಅವರ ಅಂಕ ಎಷ್ಟು? ಯಂತ್ರದ ಅಂಕ ಎಷ್ಟು?
2. ನಿಮ್ಮ ಸಂಘದಲ್ಲಿ ಎಷ್ಟು ಜನ? ಒಬ್ಬೊಬ್ಬರು 30 ರೂಪಾಯಿ ಕೊಟ್ಟರೆ ಒಟ್ಟು ಎಷ್ಟು? ಮೊದಲು ಬಾಯಲ್ಲಿ ಹೇಳಿ. ಆಮೇಲೆ ಬರೆದು ಮಾಡಿ. ಕೊನೆಗೆ ಫೋನಿನಲ್ಲಿ ನೋಡಿ. ಮೂರೂ ಒಂದೇ ಬಂತೇ?

ಮಾತಾಡಿಕೊಳ್ಳಿ

ಮಾಡಿ ನೋಡುವ ಮೊದಲೇ "ನನ್ನ ಕೈಲಿ ಆಗಲ್ಲ" ಎಂದು ನೀವು ಬಿಟ್ಟ ಕೆಲಸ ಯಾವುದು? ಅದನ್ನು ಈಗ ಮತ್ತೆ ಮಾಡಬಹುದೇ? ಎಲ್ಲರೂ ಒಂದೊಂದು ಹೇಳಿ. ನೀವು ಹೇಳಿದ್ದನ್ನು ನಿಮ್ಮ ಪುಸ್ತಕದಲ್ಲಿ ಒಂದು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು ಬರೆಯಿರಿ.